ತುತ್ತು

ಖಡೇಬಜಾರಿನ ಹಿಂದಿನ ಗಲ್ಲಿಯಲ್ಲಿ
ಬಾಗಿಲಿಗಿಂತ ಬೋರ್ಡೇ ದೊಡ್ಡದಾದ ಅಂಗಡಿ ನಮ್ಮದು.
ಬೋರ್ಡಿನ ಮೇಲೆ ಮೂರು ಭಾಷೆ,
ಮೂರರಲ್ಲೂ ಅಜ್ಜನ ಹೆಸರು ತಪ್ಪು.
ಒಳಗೆ ಬಾಬಾ, ಅವರ ಭೂತಗನ್ನಡಿ,
ಬಂದೂಕಿನ ಎಣ್ಣೆ ಕುಡಿದು ಕಪ್ಪಾದ ಮೇಜು,
ರಿಜಿಸ್ಟರ್ ಬರೆಯುವ ನಾನು.

ಸುವರ್ಣಾ ಪೋತದಾರ ಬಂದದ್ದು ಒಂದು ಸೋಮವಾರ,
ಕ್ಯಾಂಪಿನ ಮಂಜು ಇನ್ನೂ ಎದ್ದಿರಲಿಲ್ಲ.
ಗೋಕಾಕದಿಂದ ಬೆಳಗಾವಿಗೆ ವಾರಕ್ಕೆರಡು ಸಲ
ಮಂದಿಯ ಬಂಗಾರ ಹೊತ್ತು ಓಡಾಡುವ ಹೆಂಗಸು.
ಚೀಲದಿಂದ ಮೊದಲು ಕರದಂಟಿನ ಡಬ್ಬಿ ತೆಗೆದರು,
ಆಮೇಲೆ ಲೈಸೆನ್ಸು, ಆಮೇಲೆ ಪಿಸ್ತೂಲು,
ಕೊನೆಗೆ ಹೋದ ವರ್ಷದ ಪೊಟ್ಟಣ:
ಮೂತಿಯಲ್ಲಿ ಕುಳಿ ಕೊರೆದ ಗುಂಡು.
"ಹೊಕ್ಕಲ್ಲೇ ಅರಳತೈತಂತ್ರಿ.
ಹಾದುಹೋಗಿ ಹಿಂದ ನಿಂತವರಿಗೆ ತಾಗಂಗಿಲ್ಲಂತ."
ಅರಳುವುದು ಎನ್ನುವಾಗ ಅವರ ದನಿ ತುಸು ತಗ್ಗಿತು.

ಬಾಬಾ ಒಂದನ್ನು ಬೆಳಕಿಗೆ ಹಿಡಿದರು.
"ಅರಳೋದು ಆಮ್ಯಾಲಿನ ಮಾತು, ಅಕ್ಕಾರ.
ಮೊದಲ ಇದು ನುಂಗಬೇಕಲ್ಲ?"

ಪಿಸ್ತೂಲಿಗೂ ಒಂದು ಬಾಯಿ, ಬಾಯೊಳಗೆ ಏರು ನಾಲಿಗೆ.
ಸ್ಪ್ರಿಂಗು ಹೊಟ್ಟೆಯಿಂದ ಮೇಲೆತ್ತಿದ ತುತ್ತು
ಆ ಏರು ಹತ್ತಿ ಗಂಟಲು ಸೇರಬೇಕು,
ರೆಪ್ಪೆ ಬಡಿಯುವುದರೊಳಗೆ.
ದುಂಡು ಮೂತಿಯದು ಹುಣಸೆಬೀಜದ ಹಾಗೆ ಜಾರುತ್ತದೆ.
ಕುಳಿಯದಕ್ಕೆ ಅಂಚುಂಟು, ಅಂಚಿಗೆ ಹಟವುಂಟು,
ಸಂತೆಯಿಂದ ತಂದ ಎಮ್ಮೆ
ಹೊಸ ಮನೆಯ ಹೊಸ್ತಿಲಿಗೆ ಕಾಲು ಊರಿದ ಹಾಗೆ.

ರೇಂಜಿನಲ್ಲಿ ಒಂದು ಹಾರಿತು, ಎರಡು ಹಾರಿತು.
ಮೂರನೆಯದಕ್ಕೆ ಏನೂ ಇಲ್ಲ.
ಸುವರ್ಣಾ ಒತ್ತಿದರು. ಮತ್ತೆ ಒತ್ತಿದರು.
ಅರ್ಧ ತೆರೆದ ಬಾಯಲ್ಲಿ ಹಿತ್ತಾಳೆ ತುತ್ತು ಓರೆಯಾಗಿ ಸಿಕ್ಕಿತ್ತು.
ನಾನು ಅವರ ಮುಖ ನೋಡಿದೆ:
ಅಂಕಲಗಿ ದಾಟಿದ ಮೇಲಿನ ಯಾವುದೋ ತಿರುವಿನಲ್ಲಿ
ಅವರು ಆಗಲೇ ನಿಂತಿದ್ದರು, ಕತ್ತಲಾಗಿತ್ತು.

ಬಾಬಾ ಬೇರೆಯದನ್ನು ಕೊಟ್ಟರು.
ಕುಳಿ ಕಿರಿದು, ಹೆಗಲು ಇಳಿಜಾರು, ಬೆಲೆ ಏರು.
ಹತ್ತಕ್ಕೆ ಹತ್ತೂ ಹೋದವು.
"ಹಂಗಾರ ಇದ ಇರಲ್ರಿ."
"ಹತ್ತು ಅಂದ್ರ ಪರಿಚಯ ಆತು. ನಂಬಾಕ ಎರಡನೂರು ಬೇಕು."
ಲೈಸೆನ್ಸಿನಲ್ಲಿ ವರ್ಷಕ್ಕೆ ಐವತ್ತು.
ಲೆಕ್ಕ ನಾನೇ ಮಾಡಿದೆ:
ಒಂದನ್ನೂ ಉಳಿಸದೆ ನಾಲ್ಕು ವರ್ಷ ಸುಟ್ಟರೆ
ಐದನೆಯ ವರ್ಷ ನಂಬಬಹುದು.
ಯಾರೂ ನಗಲಿಲ್ಲ.

"ದುಂಡಂದು ಒಯ್ಯಿರಿ," ಅಂದರು ಬಾಬಾ,
"ಅರಳಂಗಿಲ್ಲ, ಖರೆ. ಆದರ ಮುನಿಸಿಕೊಳ್ಳಂಗಿಲ್ಲ."
"ಮತ್ತ ಹಿಂದ ನಿಂತವರು?"
ಬಸ್‌ಸ್ಟ್ಯಾಂಡಿನ ಗದ್ದಲ, ಬಾಳೆಹಣ್ಣಿನ ಗಾಡಿ,
ಸಾಲಿಗೆ ಹೊರಟ ಹುಡುಗರು
ಆ ಮಾತಿನೊಳಗೆ ಬಂದು ನಿಂತರು.
ಬಾಬಾ ಭೂತಗನ್ನಡಿ ಒರೆಸಿದರು. ಮತ್ತೆ ಒರೆಸಿದರು.

ಅಮ್ಮಿಗೆ ಲಕವಾ ಹೊಡೆದು ಎರಡು ವರ್ಷ.
ರೊಟ್ಟಿ ಹಾಲಲ್ಲಿ ನೆನೆಸಿ, ಕಿವುಚಿ,
ಹೆಬ್ಬೆರಳಿನಿಂದ ಅಂಚು ತೀಡಿ
ಬಾಬಾ ತುತ್ತು ಮಾಡುತ್ತಾರೆ.
ಕೊಟ್ಟಮೇಲೆ ಬಾಯಿ ನೋಡುವುದಿಲ್ಲ, ಗಂಟಲು ನೋಡುತ್ತಾರೆ,
ಅದು ಏರಿ ಇಳಿಯುವ ತನಕ
ತಾವೂ ಉಸಿರಾಡುವುದಿಲ್ಲ.

ಮೂರು ಸೋಮವಾರ ಬಂದರು ಸುವರ್ಣಾ.
ಕಿರಿದು ಕುಳಿಯದನ್ನೇ ಆರಿಸಿದ್ದರು.
ಮೊದಲ ಹತ್ತೂ ಸೇರಿ ನಲವತ್ತೆರಡು ಸುಟ್ಟರು,
ಒಂದೂ ಸಿಕ್ಕಿಕೊಳ್ಳಲಿಲ್ಲ.
ಪ್ರತಿ ಗುಂಡಿನ ಆಚೆಗೂ ಅವರ ಕಣ್ಣು ಗುರಿಯಲ್ಲಿರಲಿಲ್ಲ,
ಬಾಬಾ ಗಂಟಲು ನೋಡುವ ಹಾಗೆ
ಸ್ಲೈಡು ಮುಚ್ಚುವುದನ್ನು ನೋಡುತ್ತಿದ್ದರು.
"ಗುರಿ ನೋಡ್ರಿ," ಎಂದು ಬಾಬಾ ಬೈದರು.

ಕೊನೆಯ ದಿನ ನಾನು ಬರೆದೆ:
ಖರ್ಚು ನಲವತ್ತೆರಡು. ಉಳಿಕೆ ಎಂಟು.
ಒಂದು ಮ್ಯಾಗಜಿನ್ನು ತುಂಬುವಷ್ಟು,
ಎರಡನೂರರಲ್ಲಿ ಕಾಲುಪಾಲೂ ಆಗದ ನಂಬಿಕೆ.
ಸಹಿ ಹಾಕುವಾಗ ಅವರ ಬೆರಳಿಗೆ
ಕರದಂಟಿನ ಬೆಲ್ಲ ಅಂಟಿತ್ತು.
ಇವತ್ತಿಗೂ ಆ ಪುಟ
ಮುಂದಿನದನ್ನು ಬಿಟ್ಟು ಏಳುವುದಿಲ್ಲ.