ದುಧನಿ ಗಾಡಿ

ಐದೂ ನಲವತ್ತಕ್ಕ ಅಕ್ಕಲಕೋಟ ಡಿಪೋದಾಗ ಸಹಿ.
ಅದಕ್ಕಂತ ನಾಕಕ್ಕ ಏಳತೀನಿ.
ಕತ್ತಲದಾಗ ಕೂಸಿನ ಬಾಯಿಗೆ ದಾರಿ ಗೊತ್ತೈತಿ,
ದೀಪ ಹಚ್ಚೂದು ಬ್ಯಾಡ.
ಎಡಕ್ಕ ಅದು, ಬಲಕ್ಕ ಪಂಪು,
ಊರಮುಂದಿನ ಕೈಪಂಪಿನಂಗ
ಮೊದಲ ಹತ್ತು ಸರ್ತಿ ಬರೇ ಗಾಳಿ,
ಆಮ್ಯಾಲ ಒಂದು ಹನಿ, ಆಮ್ಯಾಲ ದಾರ.

‘ಆಕಳಿಗೆ ಹಾಕೂ ಮಷೀನು’
ಅಂದಿದ್ಲು ಅತ್ತಿ ಮೊದಲ ದಿನ,
ಗೋಡಿ ಕಡೆ ಮಾರಿ ಮಾಡಿ.

ಸ್ಟೀಲಿನ ಡಬ್ಬಿ ಮೂರು, ಫ್ರಿಜ್ಜಿನಾಗ.
ಆಕಿಗೆ ಅಂಕಿ ಓದಾಕ ಬರೂದಿಲ್ಲ,
ಅದಕ್ಕ ಮುಚ್ಚಳಕ್ಕ ಟಿಕಳಿ ಹಚ್ಚತೀನಿ:
ಒಂದು ಟಿಕಳೀದು ಮೊದಲ ಕೊಡೂದು,
ಎರಡರದ್ದು ಮಧ್ಯಾಹ್ನ,
ಮೂರರದ್ದು ನಾ ಬರೂದು ತಡ ಆದ್ರ.

ಹೆಣ್ಣಮಕ್ಕಳಿಗೆ ಅರ್ಧ ತಿಕೀಟು, ಎಳೆ ಕೂಸಿಗೆ ಪುಕ್ಕಟ.
ಮಷೀನು ಕಿರ್ ಅಂತ ನಾಲಿಗಿ ಚಾಚತೈತಿ, ಹರದು ಕೊಡತೀನಿ.
ಮುಂದ ಸರೀರಿ, ಪುಢೆ ಚಲಾ, ಆಗೇ ಬಢೋ ಚಾಚಾ,
ಮೂರು ಭಾಷಾ ಒಂದೇ ಉಸರಿನಾಗ.
ಎದಿಗೆ ಮಾತ್ರ ಒಂದೂ ತಿಳಿಯೂದಿಲ್ಲ.

ಇವತ್ತು ಮೈಂದರ್ಗಿಯೊಳಗ ಯಾವಾಕಿಯೋ ಏರಿದ್ಲು
ಬಗಲಾಗ ಕೂಸು ಕಟ್ಟಿಕೊಂಡು.
ಮೂರನೇ ಸೀಟಿನಾಗ ಅದು ಚೀರಿದ್ದ ತಡ
ಜುಮ್ ಅಂದು ಇಳೀತು ನನಗ,
ಯಾರ ಕೂಸು ಏನು ಅಂತ ಕೇಳದ.
ಖಾಕಿ ಮ್ಯಾಲ ಮೊದಲ ರೂಪಾಯಿ ಅಗಲ,
ಎರಡನೇ ತಿಕೀಟು ಹರಿಯೂದ್ರಾಗ ಹೋಳಿಗಿ ಅಗಲ.
ರೊಕ್ಕದ ಚೀಲ ಎದಿಗೆ ಏರಿಸಿಕೊಂಡೆ.
‘ಚಿಲ್ಲರ ಕೊಡಬೇ’ ಅಂದ ಒಬ್ಬಾಂವ.
ಚೀಲ ಇಳಿಸಲಾರದ ‘ಆಮ್ಯಾಲ’ ಅಂದೆ.

‘ತಂಗೀ, ಹಾಲ ಇಳದೈತಿ ನೋಡು’
ಅಂತ ಮುದುಕಿಯೊಬ್ಬಾಕಿ, ಕಿವಿ ಮಂದ ಇದ್ದಾಕಿ,
ಹಿಂದಿನ ಸೀಟಿನ ಮಟಾ ಮುಟ್ಟೂವಂಗ ಕೂಗಿದ್ಲು.
ಡ್ರೈವರ್ ಗಾಯಕವಾಡ ಮಾಮಾ ತಿರುಗಿ ನೋಡಲಿಲ್ಲ.
ಖಾಲಿ ರಸ್ತೆಯಾಗ, ಒಂದು ನಾಯೀನೂ ಇಲ್ಲದಲ್ಲಿ,
ಭೋಂ ಅಂತ ಹಾರ್ನ್ ಹೊಡಕೋತ ಹ್ವಾದ
ಬಸ್ಸಿನ ನಗಿ ಮುಗಿಯೂ ಮಟಾ.

ಮರಾಠಿಯೊಳಗ ದೂಧ ಅಂದ್ರ ಹಾಲು.
ದುಧನಿ ಅಂದ್ರ ಊರಷ್ಟ.
ಆದ್ರೂ ಬೋರ್ಡು ತಿರುವೂವಾಗ ದಿನಾ ಒಂದಿಷ್ಟು ನಗು.

ಸ್ಟ್ಯಾಂಡಿನಾಗ ತಾಯಂದಿರಿಗಂತ ಖೋಲಿ ಐತಿ,
ಖೋಲಿಗೆ ಕೀಲಿ ಐತಿ, ಕೀಲಿ ಚಾದಂಗಡಿಯಾಗ.
ಒಳಗ ಮುರದ ಬಾಕು, ಕೆಟ್ಟ ಕೂಲರು, ನಾಕು ಟಾಯರು.
ಟಾಯರಿನ ಮ್ಯಾಲ ಕುಂತು, ಬೆನ್ನು ಬಾಗಲಕ್ಕ ಒತ್ತಿ,
ಹನ್ನೊಂದು ನಿಮಿಷ.
ಫೋಟೋ ನೋಡು ಅಂದಿದ್ಲು ಆಸ್ಪತ್ರಿ ನರ್ಸವ್ವ.
ಫೋಟೋಕ್ಕ ಬರೂದಿಲ್ಲ ನನ್ನ ಹಾಲು.
ಚೀಲದ ತಳದಾಗಿಂದ ಕೂಸಿನ ಕುಂಚಿಗಿ ತಗದು
ಮೂಗಿಗೆ ಹಿಡೀತೀನಿ:
ಎಣ್ಣಿ, ಲೋಬಾನ, ನಿನ್ನಿನ ಕಕ್ಕು.
ಅಷ್ಟಾದ್ರ ಸಾಕು.
ಈಗೀಗ ಅದಕ್ಕೂ ನೋಟಿನ ವಾಸನಿ ಹತ್ತೇತಿ.

ಅನ್ವರ ಸೋಡಾ ಕುಡಿ ಅನ್ನೂದಿಲ್ಲ, ಏನಂತ ಕೇಳೂದಿಲ್ಲ.
ಕೊಡಲಿ ಹಿಂದ ಮುಂದ ಮಾಡಿ ಐಸ್ ಒಡದು
ನನ್ನ ಥರ್ಮಾಸಿಗೆ ಹಾಕತಾನ,
ರೊಕ್ಕಾ ಕೊಟ್ರ ಗಲ್ಲಾದ ಕಡೆ ನೋಡೂದೇ ಇಲ್ಲ.

ಸಂಜಿ ಡಿಪೋದಾಗ ವೇಬಿಲ್ ತಿರುವಿದ್ರು ಮಾನೆ ಸಾಹೇಬ್ರು,
ಬಟ್ಟು ಒಂದು ಕಡೆ ನಿಂತ್ತು.
‘ನೂರಾ ಮೂವತ್ತು. ಇದು ಎಲ್ಲೀ ಜಮಾ?’
ನಾ ಬಗ್ಗಿ ನೋಡಿದೆ. ನನ್ನದ ಕೈಬರಹ.
ತಪ್ಪಿ ಬಿದ್ದೈತ್ರಿ, ಅಂದೆ.
ಹೊಡದು ಹಾಕಿ ಸಹಿ ಮಾಡಿದೆ.
ನೂರಾ ಮೂವತ್ತು ಎಮ್ಮೆಲ್ ಥರ್ಮಾಸಿನಾಗ
ಐಸಿಗೆ ಬಡಕೋತ ಸಪ್ಪಳ ಮಾಡ್ತಿತ್ತು.

ಮನಿಗೆ ಬಂದಾಗ ಏಳು ದಾಟಿತ್ತು.
ತೊಳದ ಡಬ್ಬಿ ಎರಡು ಕಟ್ಟಿ ಮ್ಯಾಲ ಬೋರಲು.
ಅವುಗಳ ಟಿಕಳಿ ಮೂರೂ ತೊಟ್ಟಿಲ ಕಾಲಿಗೆ ಹಚ್ಚಿದ್ಲು ಅತ್ತಿ,
ಮಾವ ಹೋದಾಗಿಂದ ಹಣಿಗೆ ಏನೂ ಹಚ್ಚದಾಕಿ.
ಫ್ರಿಜ್ ತಗದೆ.
ಮೂರು ಟಿಕಳಿ ಡಬ್ಬಿ ಇಟ್ಟಲ್ಲೇ ಇತ್ತು.
ಕೂಸು ಕೈ ಕಚ್ಚಿಕೋತ, ಕೆಂಪಾಗಿ, ಬಾಗಲ ನೋಡಾಕತ್ತಿತ್ತು.

‘ನೀ ಬರೂ ಹೊತ್ತಾತಂತ ಕೊಡಲಿಲ್ಲ’
ಅಂದ್ಲು ಆಕಿ,
ಗೋಡಿ ಕಡೆ ಮಾರಿ ಮಾಡಿ.