ನೋಡದ ಜಾಗ

ದಾವಲಸಾಬ ಯಾಕ ಸೋತ ಅನ್ನೂದಕ್ಕ
ಬೆಟಗೇರಿಯೊಳಗ ಒಬ್ಬೊಬ್ಬರದು ಒಂದೊಂದು ಲೆಕ್ಕ.
ಕಟಿಂಗ್ ಅಂಗಡಿ ಮಾನಪ್ಪ ಅಂತಾನ, ಇಂಗ್ಲಿಷ್ ಬರಲಿಲ್ಲ.
ಚಾದಂಗಡಿಯಾಂವ ಅಂತಾನ, ಜ್ವಾಳದ ರೊಟ್ಟಿ ಬಿಟ್ಟ,
ಕಾಲಾಗಿನ ಕಸುವು ಹ್ವಾತು.
ಅವರವ್ವ ಒಲಿಗೆ ಮೆಣಸಿನಕಾಯಿ ಒಗದು ಕೂತಾಳ:
ಘಾಟ ಬರವಲ್ತು ನೋಡಪಾ, ದೃಷ್ಟಿನ ಅದು.

ನಾನು ರೈಟ್ ಔಟ್.
ಐದು ವರ್ಷ ಅವನ ಬಲಕ್ಕ ಓಡಿದಾಂವ.
ನನ್ನನ್ನ ಯಾರೂ ಕೇಳಿಲ್ಲ.

ನಮ್ಮ ಗ್ರೌಂಡು ಗರಸು.
ಬಿದ್ದರ ಮೊಣಕಾಲು ತಿಂಗಳುಗಟ್ಟಲೆ ಹಸಿ.
ಇಪ್ಪತ್ತೈದು ಗಜದ ಗೆರಿ ಹತ್ತರ ಒಂದು ಕಲ್ಲು,
ಎಷ್ಟು ಅಗದರೂ ಬರಲಾರದ್ದು, ನೆಲದಿಂದ ಬೆರಳಷ್ಟು ಮ್ಯಾಲ.
ಬಂದ ಕಾಲೇಜಿನವರೆಲ್ಲ ಅದಕ್ಕ ಬೈದು ಹೋದರು.
ದಾವಲ ಅದಕ್ಕ ಪಾಸ್ ಕೊಡತಿದ್ದ.
ಕಲ್ಲು ಚೆಂಡು ಇಸಗೊಂಡು, ಎಡಕ್ಕ ಹೊಳ್ಳಿಸಿ,
ನಮ್ಮವರಿಗೇ ಕೊಡತಿತ್ತು.

ಸೆಂಟರ್ ಹಾಫ್ ಅಂದ್ರ ಅಂವ.
ತಲಿ ಎತ್ತತಿರಲಿಲ್ಲ, ಕೂಗತಿರಲಿಲ್ಲ,
ಎಡಕ್ಕ ನೋಡಿ ಬಲಕ್ಕ ಒಗೀತಿದ್ದ.
ಪೇಪರಿನವರು ಬರದರು: ಬೆನ್ನಾಗ ಕಣ್ಣಿದ್ದ ಹುಡುಗ.
ನಾವೂ ನಂಬಿದ್ವಿ.

ಧಾರವಾಡದ ಫೈನಲ್ಲಿನ್ಯಾಗ ಆರು ಗೋಲು.
ಮುಂದ ಹರಾಜು.
ಎಪಿಎಂಸಿಯೊಳಗ ಹೆಸರುಕಾಳಿಗೆ ಕೂಗಿಧಂಗ ಕೂಗಿ
ಕಂಡರಿಯದ ಊರಿನವರು ತಗೊಂಡರು.
ಆ ರಾತ್ರಿ ಮಗ್ಗದ ಶೆಡ್ಡಿನ್ಯಾಗ
ಒಂದ ಮೊಬೈಲು, ಹದಿನೇಳು ತಲಿ.

ನೀಲಿ ನೆಲ. ಕನ್ನಡಿಯಂಥಾ ನೀಲಿ, ಮ್ಯಾಲ ನೀರು.
ಚೆಂಡು ಅಲ್ಲಿ ಉಳ್ಳೂದಿಲ್ಲ,
ಬರತೈತಿ ಅನ್ನೂದರೊಳಗ ಬಂದಿರತೈತಿ.
ಕಲ್ಲಿಲ್ಲ.
ಇಲ್ಲಿ ಅವನಿಗೆ ಮೂರು ಉಸಿರಿನ ಪುರುಸೊತ್ತಿತ್ತು,
ಅಲ್ಲಿ ಅರ್ಧ.
ಇಲ್ಲಿ ಮೈಮ್ಯಾಲ ಬರಾಂವ ಕಾಮರ್ಸ್ ಓದಾಂವ,
ಅಲ್ಲಿ ಬರಾಂವ ಮೂರು ದೇಶ ಸುತ್ತಿದಾಂವ,
ಅವನೂ ಯಾವದೋ ಗ್ರೌಂಡಿನ ದಾವಲನ.

ಮೊದಲನೇ ಮ್ಯಾಚು. ಎಡಕ್ಕ ನೋಡಿ ಬಲಕ್ಕ ಒಗದ.
ಬಲಕ್ಕ ಯಾರೂ ಇರಲಿಲ್ಲ.
ಚೆಂಡು ಗೆರಿ ದಾಟಿ, ಜಾಹೀರಾತಿನ ಹಲಗಿಗೆ ಬಡಿದು
ಅಲ್ಲೇ ನಿಂತಿತು.
ಶೆಡ್ಡಿನ್ಯಾಗ ನನ್ನ ಬಲಗಾಲು
ತನ್ನಷ್ಟಕ್ಕ ತಾನ ಒಂದು ಹೆಜ್ಜಿ ಮುಂದ ಹೋಗಿತ್ತು.

ಆವಾಗ ತಿಳೀತು. ಹೊರಗ ಬಂದು ನಳದ ಹತ್ತರ ನಿಂತೆ.
ಅಂವ ನೋಡದ ಜಾಗದಾಗ ನಾವಿರತಿದ್ವಿ.
ಬೆನ್ನಾಗಿನ ಕಣ್ಣು ಅಂದರ ನಾನು,
ನೂರಂದಪ್ಪ, ತೀರಿಕೊಂಡ ಸ್ಯಾಮ್ಸನ್,
ಆ ಕಲ್ಲು.

ಎರಡು ಸೀಸನ್ನಿಗೆ ಮೂರು ಕೋಚು.
ಒಬ್ಬ ಅಂದ, ತಲಿ ಎತ್ತು.
ಇನ್ನೊಬ್ಬ ಅಂದ, ಹಗುರ ಆಡು.
ಮೂರನೇದಾಂವ ಎದಿಗೆ ಪಟ್ಟಿ ಕಟ್ಟಿ ಬಡಿತ ಎಣಿಸಿದ,
ಏನೂ ಅನಲಿಲ್ಲ.
ಅಂವ ವಿಚಾರ ಮಾಡಾಕ ಕಲತ.
ವಿಚಾರ ಮಾಡೂದರೊಳಗ ಚೆಂಡು ಹೋಗಿರತಿತ್ತು.
ಆಮ್ಯಾಲ ಬೆಂಚು.
ಆಮ್ಯಾಲ ಬೆಂಚೂ ಬ್ಯಾರೆಯವರಿಗೆ.

ಹಂಗಂತ ನನ್ನ ಲೆಕ್ಕ ಖರೆ ಅಂತೇನೂ ಅಲ್ಲ.
ನಮ್ಮ ಟೀಮಿನ್ಯಾಗ ಹಾಲೂರ ಶಂಕ್ರ ಅಂತ ಇದ್ದ,
ದಾವಲನ ಅರ್ಧ ಆಟ ಇಲ್ಲ,
ಇನ್ನೂ ಸರ್ವಿಸಸ್ ಟೀಮಿಗೆ ಆಡತಾನ.
ಅದಕ್ಕ ನನ್ನ ಹತ್ತರ ಉತ್ತರ ಇಲ್ಲ.

ಈಗ ದಾವಲ ಹೆಸ್ಕಾಂ ಲೈನ್‌ಮನ್.
ಕಂಬದ ಮ್ಯಾಲಿಂದ ಕೈ ಮಾಡತಾನ. ಹೊಟ್ಟಿ ಬಂದೈತಿ.
ಹ್ವಾದ ಐತವಾರ ಗ್ರೌಂಡಿಗೆ ಬಂದ,
ಹುಡುಗರ ಕೈಯಾಗಿನ ಸ್ಟಿಕ್ ಇಸಗೊಂಡ.
ನನಗ ಏನಾತೋ, ಲುಂಗಿ ಎತ್ತಿ ಕಟ್ಟಿ
ಬಲಕ್ಕ ಓಡಿದೆ, ಇಪ್ಪತ್ತು ಹೆಜ್ಜಿ,
ಅದ ಜಾಗಕ್ಕ.

ಅಂವ ಚೆಂಡು ನಿಲ್ಲಿಸಿದ.
ತಲಿ ಎತ್ತಿದ. ಎಡಕ್ಕ ನೋಡಿದ, ಬಲಕ್ಕ ನೋಡಿದ.
ಕಣ್ಣಿಗೆ ಕೈ ಅಡ್ಡ ಹಿಡದು
ಕೂಗಿದ:
ಎಲ್ಲಿ ನಿಂತೀಯೋ?