ಹದಿನಾಲ್ಕನೆಯ ಕರಡು

ಲಿಯೆಕ್ಸಾದ ಅಣಬೆ ಸಹಕಾರ ಸಂಘದಲ್ಲಿ
ನನ್ನ ಕೆಲಸ ಅಣಬೆ ಕೀಳುವುದಲ್ಲ, ತೂಗುವುದಲ್ಲ.
ಚೀಲದೊಳಗೆ ಹಾಕುವ ಅಂಗೈಯಗಲದ ಚೀಟಿಯನ್ನು
ಒಂದು ಮೇಜಿನಿಂದ ಇನ್ನೊಂದಕ್ಕೆ ದಾಟಿಸುವುದು,
ದಾಟಿದ್ದನ್ನು ಬರೆದಿಡುವುದು:
ಯಾರು ನೋಡಿದರು, ಎಂದು ನೋಡಿದರು,
ನೋಡಿ ಏನಂದರು.
ಹಿಲ್ಕಾ, ಎಲ್ಲಿಗೆ ಬಂತು? ಎನ್ನುತ್ತಾರೆ.
ಬರುತ್ತಿದೆ, ಎನ್ನುತ್ತೇನೆ.
ಹನ್ನೊಂದು ವರ್ಷದಿಂದ ಅದೇ ಉತ್ತರ.

ಕಿವಿಯಣಬೆ ಅಂತ ಅದರ ಹೆಸರು.
ನೋಡಲು ಕಿವಿಗಿಂತ ಮಿದುಳಿನ ಹಾಗೆ, ಕಂದು, ಸುಕ್ಕುಸುಕ್ಕು.
ಪೈನ್ ಕಡಿದ ಜಾಗದಲ್ಲಿ, ಹಿಮ ಕರಗಿದ ಮರಳಿನಲ್ಲಿ
ಮೇ ತಿಂಗಳಿಗೆ ಏಳುತ್ತದೆ.
ಹಸಿಯಾಗಿ ತಿಂದವರು ಏಳದೆಯೂ ಇರಬಹುದು.

ಔವೊ ಬರೆದ ಮೊದಲ ಕರಡು ಒರಟಾಗಿತ್ತು:
ತುಂಬ ನೀರಿನಲ್ಲಿ ಐದು ನಿಮಿಷ ಕುದಿಸಿ.
ಆ ನೀರೂ ವಿಷ, ಬಸಿದು ಚೆಲ್ಲಿ.
ಹೊಸ ನೀರಿನಲ್ಲಿ ಮತ್ತೆ ಕುದಿಸಿ. ಅದನ್ನೂ ಚೆಲ್ಲಿ. ತೊಳೆಯಿರಿ.
ಕಿಟಕಿ ತೆರೆದಿರಲಿ.
ಮುತ್ತಜ್ಜಿ ಗದರಿದ ಹಾಗೆ.

ಆಮೇಲೆ ಎಲ್ಲರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತರು.
ವಿಷ ಅಂದರೆ ಯಾರು ಕೊಳ್ಳುತ್ತಾರೆ? ಅಂದಳು ಸೋಯ್ಲಿ.
ಅನ್ನದಿದ್ದರೆ ನಾಳೆ ಕೋರ್ಟಿನಲ್ಲಿ ನಿಲ್ಲುವವನು ನಾನು, ಅಂದ ಇಲ್ಪೊ.
ನಾಲ್ಕು ಕರಡು ಆ ಒಂದು ಪದಕ್ಕೇ ಹೋದವು.
ಕೊನೆಗೆ ವಿಷ ಮೇಲಕ್ಕೆ ಹೋಗಿ ಕೆಂಪು ಪಟ್ಟಿಯಲ್ಲಿ ಕೂತಿತು,
ಕೆಳಗೆ ಒಂದೇ ಸಾಲು ಉಳಿಯಿತು:
ಎರಡು ಸಲ ಕುದಿಸಿ, ನೀರು ಬಸಿದು ಚೆಲ್ಲಿ, ತೊಳೆಯಿರಿ.
ಇಬ್ಬರೂ ಕೈ ಕುಲುಕಿದರು. ಅವತ್ತು ಕಾಫಿಯ ಜೊತೆ ಬನ್ ಇತ್ತು.

ಏಳನೆಯದರಲ್ಲಿ ಒಂದು ಅಲ್ಪವಿರಾಮ ಬಂತು.
ಎಂಟನೆಯದರಲ್ಲಿ ಹೋಯಿತು.
ಒಂಬತ್ತರಲ್ಲಿ ವಿನ್ಯಾಸದ ಹುಡುಗ ಯಲ್ಮರಿ
ಸಾಲು ಅಂಚು ದಾಟುತ್ತಿದೆ, ಮೂರು ಪದ ತೆಗೆಯಲೇ, ಎಂದು ಕೇಳಿದ.
ಎಲ್ಲರಿಗೂ ಕಳಿಸಿ ಕೇಳಿದ,
ಅಂದರೆ ಯಾರನ್ನೂ ಕೇಳಲಿಲ್ಲ.

ಹತ್ತು ಮಂದಿಯ ಹುಲ್ಲುಕಡ್ಡಿ ಒಬ್ಬನಿಗೆ ತಲೆಹೊರೆ, ಅನ್ನುವುದುಂಟು.
ನಮ್ಮಲ್ಲಿ ಅದು ತಿರುಗುಮುರುಗು.
ಒಬ್ಬರ ತಲೆಹೊರೆ ಬಿಚ್ಚಿ, ಹಂಚಿ,
ತಲೆಗೊಂದು ಹುಲ್ಲುಕಡ್ಡಿ ಮಾಡಿದ್ದೆವು.
ಯಾರ ಕತ್ತಿಗೂ ಭಾರ ತಿಳಿಯಲಿಲ್ಲ.
ಇಲ್ಪೊ ತನ್ನ ಕೆಂಪು ಪಟ್ಟಿ ನೋಡಿದ.
ಸೋಯ್ಲಿ ಲಾಂಛನದ ಹಸಿರು ಸರಿಯಿದೆಯೇ ನೋಡಿದಳು.
ಔವೊಗೆ ಸೊಂಟನೋವು, ರಜೆ; ಬದಲಿಗೆ ಬಂದವನು
ಔವೊ ನೋಡಿಯೇ ಇರುತ್ತಾನೆಂದು ಒಪ್ಪಿಗೆ ಒತ್ತಿದ.
ಟೆಲ್ಲೆರ್ವೊ ಅಧ್ಯಕ್ಷೆ. ಅವಳು ಓದುವುದಿಲ್ಲ, ಎಣಿಸುತ್ತಾಳೆ.
ಆರು ಒಪ್ಪಿಗೆ ಇದ್ದರೆ ಏಳನೆಯದು ತಾನಾಗಿ ಬೀಳುತ್ತದೆ.

ನಾನೂ ಓದಲಿಲ್ಲ.
ಇದನ್ನು ಎಲ್ಲಾದರೂ ಹೇಳಬೇಕಿತ್ತು.

ಹದಿಮೂರನೆಯದು ಅಂತಿಮ. ಕಡತದ ಹೆಸರೇ ಅಂತಿಮ.
ಅನುವಾದಕ್ಕೆ ಹೋಯಿತು.

ಥಾಯ್ಲೆಂಡಿನಿಂದ ಒಂದು ಬೇಸಿಗೆ ಬೆರ್ರಿ ಕೀಳಲು ಬಂದು
ಇಲ್ಲೇ ನೆಲೆನಿಂತ ರಚ್ಚನಿ
ಅನುವಾದ ಕಳಿಸಲಿಲ್ಲ, ಪ್ರಶ್ನೆ ಕಳಿಸಿದಳು:
ನಮ್ಮಲ್ಲಿ ಅಣಬೆ ಬೆಂದ ನೀರು ಚೆಲ್ಲಿದ ಸೊಸೆಯನ್ನು
ಅತ್ತೆ ಮೂರು ದಿನ ಮಾತಾಡಿಸುವುದಿಲ್ಲ.
ಅದೇ ಸಾರು. ರುಚಿಯೆಲ್ಲ ಅದರಲ್ಲೇ.
ಎರಡು ಸಲ ಕುದಿಸಿ ಎಂದಿದ್ದೀರಿ.
ಕುದಿಸಿದ ನೀರನ್ನು ಏನು ಮಾಡಲಿ?

ಎಂಟನೆಯ ಕರಡನ್ನು ಕಿಟಕಿಯ ಗಾಜಿಗೆ ಒತ್ತಿ
ಹದಿಮೂರನೆಯದನ್ನು ಅದರ ಮೇಲಿಟ್ಟೆ.
ಅಕ್ಷರದ ಮೇಲೆ ಅಕ್ಷರ ಕೂತಿತು, ಕೂತಿತು,
ಒಂದು ಕಡೆ ಸಾಲು ತಪ್ಪಿತು.
ನೀರು ಬಸಿದು ಚೆಲ್ಲಿ.
ಚೆಲ್ಲಿಬಿಟ್ಟಿದ್ದೆವು.

ಟೆಲ್ಲೆರ್ವೊ ಈ ಸಲ ಓದಿದಳು. ಕನ್ನಡಕ ತೆಗೆದಳು.
ಮುದ್ರಣಾಲಯಕ್ಕೆ ತಾನೇ ಫೋನ್ ಮಾಡಿದಳು.
ನಿಯಮ ಅಂದರೆ ನಿಯಮ, ಮತ್ತೆ ಮೊದಲಿಂದ, ಏಳೂ ಮೇಜು, ಅಂದಳು.
ನಾನು ಬಾಗಿಲ ಹತ್ತಿರ ಹೋದಾಗ:
ಕೈಯಲ್ಲೇ ಒಯ್ಯಿ. ಒಬ್ಬೊಬ್ಬರೂ ನಿನ್ನೆದುರು ಗಟ್ಟಿಯಾಗಿ ಓದಲಿ.

ಓದಿದರು, ಶಾಲೆಯ ಮಕ್ಕಳ ಹಾಗೆ ನಿಂತು.
ಇಲ್ಪೊನ ದನಿ ಒಂದು ಪದದಲ್ಲಿ ತಡವರಿಸಿತು.
ಸೋಯ್ಲಿ ಎರಡು ಸಲ ಓದಿದಳು, ಎರಡನೆಯದು ತನಗೇ.
ಯಲ್ಮರಿ ಈ ಬಾರಿ ಏನೂ ಕೇಳದೆ
ಲಾಂಛನವನ್ನು ಸಣ್ಣದು ಮಾಡಿದ.

ದಾಖಲೆಯಲ್ಲಿ ಒಂದು ಕಾಲಂ: ಬದಲಾವಣೆಗೆ ಕಾರಣ.
ಬರೆಯುವ ಹಾಗಿಲ್ಲ, ಆರಿಸಬೇಕು.
ಕಾಗುಣಿತ. ಶೈಲಿ. ಚಿತ್ರ. ಬೆಲೆ. ಇತರೆ.
ಇತರೆ ಒತ್ತಿದೆ.
ಇಪ್ಪತ್ತು ಅಕ್ಷರ ಮೀರದಂತೆ ವಿವರಿಸಿ, ಎಂದಿತು.

ರಚ್ಚನಿ ಕೇಳಿದಳು, ಎಂದು ಬರೆದೆ.
ಇನ್ನೂ ಜಾಗ ಉಳಿದಿತ್ತು.